ಮೂರು ಬಂದೂಕು, ಎರಡಕ್ಕೇ ಜಾಗ

2019ರ ಡಿಸೆಂಬರ್‌ನಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂತು. ಅಲ್ಲಿಯವರೆಗೆ ಒಬ್ಬರ ಲೈಸೆನ್ಸಿನ ಮೇಲೆ ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಇನ್ನು ಮುಂದೆ ಎರಡೇ. ಮೂರನೆಯದನ್ನು ವರ್ಷದೊಳಗೆ ಪೊಲೀಸ್ ಠಾಣೆಗೋ, ಲೈಸೆನ್ಸ್ ಇರುವ ಡೀಲರ್ ಕೈಗೋ ಒಪ್ಪಿಸಬೇಕು. ಅಜ್ಜನ ಕಾಲದ್ದು, ಪಿತ್ರಾರ್ಜಿತ ಅಂದರೂ ಲೆಕ್ಕ ಎರಡೇ. ನಮ್ಮ ಅಪ್ಪನ ಲೈಸೆನ್ಸಿನಲ್ಲಿ ಸರಿಯಾಗಿ ಮೂರಿದ್ದವು. ಮೂರೂ ಅಜ್ಜ ಕೊಂಡಿದ್ದು.

ಯಾವುದನ್ನು ಬಿಡೋದು? ಮೊದಲ ದಿನ ಇದು ಐದು ನಿಮಿಷದ ಮಾತು ಅನ್ನಿಸಿತ್ತು. ಕೊನೆಗೆ ಅದು ಪೂರ್ತಿ ಒಂದು ವರ್ಷ ತಿಂದಿತು. ಬಿಡೋದು ಯಾವುದು ಅಂತ ಗೊತ್ತಾಗಬೇಕಾದರೆ, ಅಜ್ಜ ಒಂದೊಂದನ್ನೂ ಯಾಕೆ ತಗೊಂಡ ಅಂತ ಮೊದಲು ಗೊತ್ತಾಗಬೇಕಿತ್ತು. ಅದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಅಜ್ಜನ ಊರು ಅಳ್ನಾವರದ ಹತ್ತಿರ. ಐವತ್ತರ ದಶಕದಲ್ಲಿ ಪುಣೆಗೆ ಬಂದು ಖಡಕಿಯ ಮದ್ದುಗುಂಡು ಕಾರ್ಖಾನೆ ಸೇರಿದ. 1869ರಲ್ಲಿ ಶುರುವಾದ ಕಾರ್ಖಾನೆ ಅದು. ಈಗ ಮ್ಯುನಿಷನ್ಸ್ ಇಂಡಿಯಾ ಅನ್ನೋ ಕಂಪನಿಯ ಕೈಯಲ್ಲಿದೆ. ಆಗ ಧಾರವಾಡ ಕಡೆಯಿಂದ ಬಂದವರು ಖಡಕಿಯಲ್ಲಿ ಜಾಸ್ತಿ ಜನ ಇದ್ದರಂತೆ. ನೀರಿನ ನಳದ ಹತ್ತಿರ ಮರಾಠಿ, ಮನೆಯೊಳಗೆ ಕನ್ನಡ. ಹಗಲೆಲ್ಲ ತೋಟಾ, ಅಂದರೆ ಬಂದೂಕಿನ ಕಾರ್ಟ್ರಿಜ್, ಪರೀಕ್ಷೆ ಮಾಡಿ ಡಬ್ಬಿಗೆ ತುಂಬೋ ಕೆಲಸ, ರಜೆ ಸಿಕ್ಕರೆ ಶಿಕಾರಿ. ಮುಳಶಿ, ವೇಲ್ಹೆ, ಭೋರ್ ಕಡೆಯ ಗುಡ್ಡಗಳು ಸೈಕಲ್ಲಿಗೂ ಎಸ್‌ಟಿ ಬಸ್ಸಿಗೂ ಎಟಕುತ್ತಿದ್ದವು. ದೀಪಾವಳಿಗೆ ಊರಿಗೆ ಹೋದರೆ ಹಳಿಯಾಳ, ದಾಂಡೇಲಿಯ ಕಾಡು. 1956ರವರೆಗೆ ಧಾರವಾಡ, ಪುಣೆ ಎರಡೂ ಮುಂಬಯಿ ರಾಜ್ಯದಲ್ಲೇ ಇದ್ದವಲ್ಲ, ಎರಡೂ ಕಡೆ ಒಂದೇ ಕಾಯ್ದೆ. 1951ರ ಮುಂಬಯಿ ವನ್ಯಪ್ರಾಣಿ ಕಾಯ್ದೆಯ ಲೈಸೆನ್ಸ್ ತಗೊಂಡು, ಯಾವ ಪ್ರಾಣಿ, ಯಾವ ಋತು ಅಂತ ನೋಡಿಕೊಂಡು ಹೊಡೆಯಬೇಕಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅಜ್ಜನ ಶಿಕಾರಿ ಅಲ್ಲಿಗೆ ಮುಗಿಯಿತು. ಅಪ್ಪ ಒಂದು ಪ್ರಾಣಿಯನ್ನೂ ಹೊಡೆದವನಲ್ಲ. ನಾನಂತೂ ದೂರದ ಮಾತು.

ಹಾಗಾದರೆ ಇಟ್ಟುಕೊಂಡಿದ್ದು ಯಾಕೆ ಅಂತ ಕೇಳಬಹುದು. ಖಂಡೇನವಮಿಗೆ ಇಳಿಸಿ, ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಮತ್ತೆ ಕಪಾಟಿಗೆ ಸೇರಿಸೋದಕ್ಕೆ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಮೂರರಲ್ಲಿ ಒಂದು ಹನ್ನೆರಡು ಬೋರಿನ ಜೋಡುನಳಿಗೆ, ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ್ದು. ಬೋರು ಅಂದರೆ ನಳಿಗೆಯ ಒಳಗಿನ ಅಳತೆ. ಇನ್ನೊಂದು ಇಶಾಪುರ ಕಾರ್ಖಾನೆಯ .315 ರೈಫಲ್. ರೈಫಲ್ಲಿಗೆ ಈ ಅಳತೆ ಇಂಚಿನಲ್ಲಿ. ನೋಡೋಕೆ ಥೇಟ್ ಹಳೆಯ ಪೊಲೀಸರ ಹೆಗಲ ಮೇಲಿದ್ದ ರೈಫಲ್ಲಿನ ತಮ್ಮ, ಚೂರೂ ಚಂದ ಇಲ್ಲ. ಮೂರನೆಯದು ನಮ್ಮ ಮನೆಯ ಹೆಮ್ಮೆ. ತೆಳ್ಳಗೆ, ಹಗುರ, ಕಟ್ಟಿಗೆ ಮೇಲೆ ಜೇನಿನ ಬಣ್ಣದ ಗೆರೆ. ಅದಕ್ಕೆ ಅಪ್ಪ ಇಟ್ಟ ಹೆಸರು 'ರಿಗ್ಬಿ', ಲಂಡನ್ನಿನ ಒಂದು ಬಂದೂಕು ಕಂಪನಿಯ ಹೆಸರು. ಅದೇ .275, ಅದೇ ಕಾರ್ಬೆಟ್ ಸಾಹೇಬರದ್ದು ಅಂತ ಬಂದವರಿಗೆಲ್ಲ ತೋರಿಸುತ್ತಿದ್ದ. 1907ರಲ್ಲಿ ಬೇಟೆಗಾರ ಜಿಮ್ ಕಾರ್ಬೆಟ್ ಕುಮಾವ್‌ನ ಚಂಪಾವತದ ನರಭಕ್ಷಕಿಯನ್ನು ಹೊಡೆದರು. 436 ಜನರನ್ನು ತಿಂದ ಹುಲಿ ಅದು ಅಂತ ಲೆಕ್ಕ. ಅದಕ್ಕೆ ಬಹುಮಾನವಾಗಿ ಅವರಿಗೆ ಬಂದಿದ್ದು ಒಂದು .275 ರಿಗ್ಬಿ. ಇದನ್ನು ಅಪ್ಪ ಹುಡುಗನಾಗಿದ್ದಾಗ ಎಲ್ಲೋ ಓದಿದ್ದ. ಅಲ್ಲಿಂದ ನಮ್ಮ ಕಪಾಟಿಗೂ ಕುಮಾವ್‌ನ ಕಾಡಿಗೂ ನಂಟು ಬೆಳೆದುಬಿಟ್ಟಿತು.

ಅಪ್ಪನ ಮಾತು ಒಂದೇ. "ರಿಗ್ಬಿ ಬಿಟ್ಟು ಯಾವುದರೆ ಕೊಡು."

ಅವ್ವನ ಮಾತು ಬೇರೆ. "ಮೂರೂ ಕೊಟ್ಟುಬಿಡ್ರಿ ಅತ್ತ. ಇಲೆಕ್ಷನ್ ಬಂದಾಗೊಮ್ಮೆ ಸ್ಟೇಷನ್ನಿಗೆ ಹೊತ್ಕೊಂಡು ಹೋಗೂದು, ಮತ್ತ ತರೂದು. ಯಾರಿಗೆ ಬೇಕಾಗೇತಿ?"

ನಾನು ಅಪ್ಪನ ಕಡೆಗೇ ಇದ್ದೆ. ಮನಸ್ಸಿನಲ್ಲೇ .315 ಹೋಗಲಿ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಲೈಸೆನ್ಸ್ ಪುಸ್ತಕ, ಆನ್‌ಲೈನ್‌ನಲ್ಲಿ ಸಿಕ್ಕ ಯುಐಎನ್ ಅನ್ನೋ ಲೈಸೆನ್ಸ್ ಗುರುತಿನ ನಂಬರು, ಬಂದೂಕುಗಳ ಮೇಲಿನ ನಂಬರು ಎಲ್ಲ ತಾಳೆ ನೋಡಿ ಒಂದು ಹಾಳೆಯಲ್ಲಿ ಬರೆದಿಟ್ಟೆ. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಹಾಳೆ ಫ್ರಿಜ್ಜಿನ ಮೇಲೇ ಉಳಿಯಿತು.

ಲಾಕ್‌ಡೌನ್ ಸಡಿಲವಾದ ಮೇಲೆ ಮೊದಲು ಹೋಗಿದ್ದು ಖಡಕಿ ಕಾಕಾನ ಮನೆಗೆ. ರಕ್ತಸಂಬಂಧ ಏನಿಲ್ಲ. ಅಜ್ಜನ ಜೊತೆ ಕಾರ್ಖಾನೆಯಲ್ಲಿದ್ದವರು, ಶಿಕಾರಿಯಲ್ಲೂ ಜೊತೆ. ಎಂಬತ್ತು ದಾಟಿ ಎಷ್ಟೋ ವರ್ಷ ಆಗಿತ್ತು. ಕಿವಿ ಮಂದ, ನೆನಪು ಮಾತ್ರ ಚಾಕು. ಮಾಸ್ಕ್ ಹಾಕಿಕೊಂಡು, ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂಗಿ ಕೂಗಿ ಮಾತಾಡಿದೆವು. ಅಕ್ಕಪಕ್ಕದವರೆಲ್ಲ ನಮ್ಮ ಬಂದೂಕಿನ ಸುದ್ದಿ ಕೇಳಿಸಿಕೊಂಡರು.

".315 ಮಾರತೀನಿ ಅಂದ್ಯಾ? ನಿಮ್ಮಜ್ಜ ಕೇಳಿದ್ರ ನಿನ್ನ ಕಿವಿ ಹಿಂಡತಿದ್ದ, ತಮ್ಮಾ."

"ಯಾಕ್ರೀ ಕಾಕಾ? ಅದರಾಗ ಏನೈತಿ ಅಂಥಾದ್ದು?"

"ಅದರಾಗ ಏನಿಲ್ಲ. ಅದರ ತೋಟಾದಾಗ ಐತಿ."

ಒಳಗೆ ಹೋಗಿ ಒಂದು ಖಾಲಿ ತೋಟಾ ತಂದರು. ಅವರ ದೇವರ ಕೋಣೆಯಲ್ಲಿ ಊದಿನಕಡ್ಡಿ ಸಿಗಿಸೋದಕ್ಕೆ ಇಟ್ಟುಕೊಂಡಿದ್ದು. ಹಿತ್ತಾಳೆ ಕಪ್ಪಾಗಿತ್ತು. ತಳ ತಿರುಗಿಸಿ ತೋರಿಸಿದರು. ನಡುವೆ ಪಿನ್ ಹೊಡೆದ ಗುಳಿ, ಸುತ್ತ ಅಕ್ಷರ: 8 ಎಂಎಂ, ಕೆಎಫ್. ಕೆಎಫ್ ಅಂದರೆ ಕಿರ್ಕಿ ಫ್ಯಾಕ್ಟರಿ. ಕಿರ್ಕಿ ಅಂದರೆ ಖಡಕಿಗೆ ಇಂಗ್ಲಿಷರು ಕರೆಯುತ್ತಿದ್ದ ಹೆಸರು. .315 ಅನ್ನೋದೂ 8 ಎಂಎಂ ಅನ್ನೋದೂ ಒಂದೇ. ಅಂದರೆ ಅಜ್ಜ ತಾನೇ ಪರೀಕ್ಷೆ ಮಾಡಿ ಡಬ್ಬಿಗೆ ಹಾಕುತ್ತಿದ್ದ ತೋಟಾಕ್ಕೆ ತಕ್ಕ ರೈಫಲ್ ಕೊಂಡಿದ್ದ. ಅಂಗಡಿಯಲ್ಲಿ ಸಿಗದೇ ಹೋದೀತು ಅನ್ನೋ ಭಯ ಇಲ್ಲ. ಹೊಡೆದಾಗ ಸಿಡಿಯದೇ ಹೋಗುತ್ತಾ ಅನ್ನೋ ಅನುಮಾನವೂ ಇಲ್ಲ. ಮಾಡಿದವರು ಯಾರು ಅಂತಲೇ ಗೊತ್ತು.

ಈ .315ರ ಕತೆ ಆಮೇಲೆ ಓದಿ ತಿಳಿದುಕೊಂಡೆ. ನನಗೆ ತುಂಬಾ ಹಿಡಿಸಿತು. ಹುಟ್ಟಿನಿಂದ ಅದು ಆಸ್ಟ್ರಿಯಾ ಸೈನ್ಯದ ಹಳೆಯ ಮ್ಯಾನ್‌ಲಿಕರ್ ತೋಟಾ, ಹತ್ತೊಂಬತ್ತನೇ ಶತಮಾನದ ಕೊನೆಯದು. ಹಿಂದೂಸ್ತಾನಕ್ಕೆ ಅದೇಕೆ ಬಂತು? ಇಲ್ಲಿನ ಸೈನ್ಯದ ತೋಟಾ .303. ಅದು ಜನರ ಕೈಗೆ ಸಿಗಬಾರದು ಅಂತ ಬ್ರಿಟಿಷ್ ಸರ್ಕಾರದ ಹಟ. ಶಿಕಾರಿಯವರಿಗೆ ಮಾತ್ರ ಹೆಚ್ಚುಕಡಿಮೆ ಅದೇ ತಾಕತ್ತಿನದು ಬೇಕು. ಹಾಗಾಗಿ ಸೈನ್ಯದ ರೈಫಲ್ಲಿಗೆ ಹೊಂದದ, ಆದರೆ ಅದೇ ಅಚ್ಚಿನ ರೈಫಲ್ಲಿಗೆ ಹೊಂದಿಸಬಹುದಾದ ತೋಟಾ ಹುಡುಕಿದರು. ಸ್ವಾತಂತ್ರ್ಯ ಬಂದ ಮೇಲೂ ಅದೇ ನಿಯಮ ಮುಂದುವರಿಯಿತು. ಇವತ್ತಿಗೂ .303 ನಿಷೇಧಿತ ಬೋರು, ಸಾಮಾನ್ಯ ಲೈಸೆನ್ಸಿಗೆ ಸಿಗಲ್ಲ. .315 ಸಿಗುತ್ತದೆ. ಉತ್ತರ ಹಿಂದೂಸ್ತಾನದ ಹಳ್ಳಿಗಳಲ್ಲಿ ಹೆಗಲಿಗೆ ನೇತುಹಾಕಿಕೊಂಡು ಓಡಾಡೋ ರೈಫಲ್ ಬಹುಪಾಲು ಇದೇ. ಇದು ಅದ್ಭುತ ತೋಟಾ ಅಂತ ಯಾರೂ ಆರಿಸಿದ್ದಲ್ಲ. ಬೇರೆ ಬಾಗಿಲು ಮುಚ್ಚಿತ್ತು, ಇದೊಂದು ತೆರೆದಿತ್ತು.

ಹಾಗೆ ನೋಡಿದರೆ ದೊಡ್ಡ ದೊಡ್ಡ ಹೆಸರಿನ ಬೋರುಗಳ ಹಿಂದೆಯೂ ಇದೇ ಕತೆ. .470, .465, .475 ಅಂತೆಲ್ಲ ರಾಜಮಹಾರಾಜರ ಜೋಡುನಳಿಗೆ ರೈಫಲ್‌ಗಳು ಇರುತ್ತಿದ್ದವಲ್ಲ, ಅವು ಯಾಕೆ ಇಷ್ಟು ವಿಚಿತ್ರ ಅಳತೆ? ಮೊದಲು ಎಲ್ಲರೂ .450 ಬಳಸುತ್ತಿದ್ದರು. ಅದು ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್ಲಿನ ಗುಂಡಿನ ಅಳತೆಯೂ ಹೌದು. ಬಂಡಾಯದವರ ಕೈಗೆ ಹೋದರೆ ಕಷ್ಟ ಅಂತ 1907ರ ಹೊತ್ತಿಗೆ ಸರ್ಕಾರ .450 ಅನ್ನು ಹಿಂದೂಸ್ತಾನಕ್ಕೆ ತರುವುದನ್ನೇ ನಿಲ್ಲಿಸಿತು. ಲಂಡನ್ನಿನ ಬಂದೂಕು ಕಂಪನಿಗಳಿಗೆ ಹೊಟ್ಟೆಗೆ ಹೊಡೆದಂತಾಯಿತು. ಒಬ್ಬೊಬ್ಬರೂ .450 ಅಲ್ಲದ ಒಂದೊಂದು ಅಳತೆ ಹೊರಗೆ ತಂದರು. ಆನೆಯ ಚರ್ಮ ಒಂದೇ ವರ್ಷದಲ್ಲಿ ದಪ್ಪ ಆಗಿದ್ದೇನಲ್ಲ. ಆಮೇಲೆ ಅದನ್ನು ಕೊಂಡ ಮಹಾರಾಜರು ಮಾತ್ರ 'ಹುಲಿಗೆ ಇದೇ ಸೈ' ಅಂತ ಮೀಸೆ ತಿರುವಿರಬೇಕು.

ಕಾಕಾನನ್ನು ಕೇಳಿದೆ, ಶಿಕಾರಿಗೆ ಹೋಗುತ್ತಿದ್ದ ಬಾಕಿ ಜನ ಯಾವ ರೈಫಲ್ ಇಟ್ಟುಕೊಳ್ಳುತ್ತಿದ್ದರು ಅಂತ.

"ಒಬ್ಬ ಸಾಹೇಬ ಇದ್ದ. ಅವನ ಕಡೆ ತ್ರೀ ಸೆವೆಂಟಿಫೈವ್ ಮ್ಯಾಗ್ನಮ್. ಕಾಡೆಮ್ಮಿ ಮಲಗಸೂ ಸಾಮಾನು ಅದು. ಅಂವ ಮುಳಶ್ಯಾಗ ಹೊಡೀತಿದ್ದದ್ದು ಏನು? ಕೌಜುಗ! ಅದೂ ಇನ್ನೊಬ್ಬರ ಕಡಿಂದ ಬಂದೂಕು ಇಸ್ಕೊಂಡು. ಮ್ಯಾಗ್ನಮ್ ಜೀಪಿನಾಗ ಕುಂತಿರತಿತ್ತು."

ನಕ್ಕು ನಕ್ಕು ಕೆಮ್ಮು ಹತ್ತಿತು ಅವರಿಗೆ. ಆಮೇಲೆ ಅಂದರು: "ರೈಫಲ್ ತಗೊಳ್ಳೂ ಕಾರಣ ಒಂದಿರತೈತಿ ತಮ್ಮಾ, ಮಂದಿಗೆ ಹೇಳೂ ಕಾರಣ ಇನ್ನೊಂದು."

ಕೆಲವರು ತಮ್ಮ ಮೇಲಧಿಕಾರಿ ಇಟ್ಟುಕೊಂಡಿದ್ದನ್ನೇ ಇಟ್ಟುಕೊಳ್ಳುತ್ತಿದ್ದರಂತೆ. ಕೆಲವರು ಬೇಕಂತಲೇ ಬೇರೆಯದು. ಒಬ್ಬನಿಗೆ ಒಮ್ಮೆ ಹಂದಿ ಗಾಯಗೊಂಡು ತಪ್ಪಿಸಿಕೊಂಡಿತು. ಎರಡು ದಿನ ರಕ್ತದ ಜಾಡು ಹಿಡಿದು ಹುಡುಕಿದರೂ ಸಿಗಲಿಲ್ಲ. ಅವನಿಗೆ ತನ್ನ ಕೈಗಿಂತ ಬೋರಿನ ತಪ್ಪೇ ಜಾಸ್ತಿ ಕಂಡಿತು. ಮುಂದಿನ ವರ್ಷ ದೊಡ್ಡ ಬೋರು ತಂದ. ಗುರಿ ಮಾತ್ರ ಹಳೆಯದೇ. ಹಳ್ಳಿಯ ಜನಕ್ಕೆ ಈ ತಾಪತ್ರಯವೇ ಇರಲಿಲ್ಲ. ಒಂದು ಹನ್ನೆರಡು ಬೋರು. ಹಕ್ಕಿಗೆ ಸಣ್ಣ ಚರೆ, ಹಂದಿಗೆ ಎಲ್‌ಜಿ ಅನ್ನೋ ದಪ್ಪ ಚರೆ. ತೋಟಾ ಬದಲಿಸಿದರೆ ಸಾಕು, ಬಂದೂಕು ಬದಲಿಸಬೇಕಿಲ್ಲ.

ಬೀಳ್ಕೊಡುವ ಮೊದಲು ಕಾಕಾ .315ಕ್ಕೆ ತೋಟಾ ಹೇಗೆ ತುಂಬಬೇಕು ಅಂತ ಬರಿಗೈಯಲ್ಲೇ ತೋರಿಸಿದರು. ಈ ತೋಟಾದ ತಳದಲ್ಲಿ ಅಂಚು ಹೊರಗೆ ಚಾಚಿರುತ್ತದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಒಂದಕ್ಕೊಂದು ಸಿಕ್ಕಿಕೊಂಡು, ತೋಟಾವನ್ನು ನಳಿಗೆಗೆ ತಳ್ಳೋ ಬೋಲ್ಟ್ ಮುಂದೆ ಹೋಗಲ್ಲ. ಕಾಕಾನ ಹೆಬ್ಬೆರಳು ಗಾಳಿಯಲ್ಲಿ ಒಂದೊಂದೇ ತೋಟಾವನ್ನು ಒತ್ತಿ, ಚೂರು ಹಿಂದಕ್ಕೆ ಎಳೆದು, ಮುಂದಕ್ಕೆ ದೂಡುತ್ತಿತ್ತು. ಆ ಬೆರಳು ಕೊನೆಯ ಸಲ ಇದನ್ನು ಮಾಡಿ ಅರ್ಧ ಶತಮಾನ ಆಗಿರಬೇಕು. ತಡವರಿಸಲಿಲ್ಲ.

ಮುಂದಿನ ಹೆಜ್ಜೆ ಡೀಲರ್. ಪುಣೆಯ ಕ್ಯಾಂಪ್ ಬಡಾವಣೆ ಕಡೆಯ ಹಳೆಯ ಅಂಗಡಿ. ಠಾಣೆಗೆ ಮೊದಲೇ ಹೇಳಿ, ಮೂರನ್ನೂ ಚೀಲದಲ್ಲಿ ಹಾಕಿಕೊಂಡು, ಲೈಸೆನ್ಸ್ ಸಮೇತ ಅಪ್ಪನೇ ಬಂದ. ಲೈಸೆನ್ಸ್ ಅವನದು, ನಾನು ಬರೀ ಡ್ರೈವರ್.

ಡೀಲರ್ ಮೊದಲು ಕೈಗೆತ್ತಿಕೊಂಡಿದ್ದು ಜೋಡುನಳಿಗೆ. ನಳಿಗೆ ಬಿಚ್ಚಿ, ತಿರುವಿ, ತಳದ ಚಪ್ಪಟೆ ಭಾಗವನ್ನು ಬಟ್ಟೆಯಿಂದ ಒರೆಸಿ ನನಗೆ ತೋರಿಸಿದರು. ಸಣ್ಣ ಸಣ್ಣ ಮುದ್ರೆಗಳ ನಡುವೆ 2½ ಅಂತ ಕೊರೆದಿತ್ತು. ಇಷ್ಟು ವರ್ಷ ಎಣ್ಣೆ ಹಚ್ಚಿದರೂ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಒಂದು ಅಳತೆ ಗೇಜ್ ತಂದು ಚೇಂಬರಿನೊಳಗೆ, ಅಂದರೆ ತೋಟಾ ಕೂರೋ ಜಾಗದೊಳಗೆ, ಬಿಟ್ಟರು. ಗೆರೆ ಅಲ್ಲೇ ನಿಂತಿತು. ಎರಡೂವರೆ ಇಂಚು, ಅಂದರೆ 65 ಮಿಲಿಮೀಟರಿನ ತೋಟಾಕ್ಕೆ ಮಾಡಿದ ಚೇಂಬರ್. ಈಗಿನ 70 ಮಿಲಿಮೀಟರಿನದು ಒಳಗೆ ಹೋಗಿ ಕೂರುತ್ತದೆ. ಮೋಸ ಇರೋದೇ ಅಲ್ಲಿ. ಹೊಡೆದಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಹಳೆಯ ನಳಿಗೆ ತಡೆಯದೇ ಹೋಗಬಹುದು. "ಡಬ್ಬಿ ಮೇಲೆ ಓದದೆ ತೋಟಾ ಹಾಕಬೇಡಿ" ಅಂತ ಮರಾಠಿಯಲ್ಲಿ ಎರಡೆರಡು ಸಲ ಹೇಳಿದರು. ಅದು ಬಿಟ್ಟರೆ ಬಂದೂಕು ಗಟ್ಟಿ, ಇಟ್ಟುಕೊಳ್ಳಿ ಅಂದರು. ಖಡಕಿಯ ಶಕ್ತಿಮಾನ್ ತೋಟಾದ ಒಂದು ಖಾಲಿ ಡಬ್ಬಿ ಗಲ್ಲಾದ ಪಕ್ಕದಲ್ಲೇ ಇತ್ತು. ಪೆನ್ನು ಹಾಕಿಡೋದಕ್ಕೆ.

.315 ಅನ್ನು ಅರ್ಧ ನಿಮಿಷ ನೋಡಿ ಪಕ್ಕಕ್ಕಿಟ್ಟರು. ಅದರಲ್ಲಿ ನೋಡೋದೇನಿದೆ ಅನ್ನೋ ಥರ.

ರಿಗ್ಬಿ ಕೈಗೆ ಬಂದಾಗ ಅಪ್ಪ ಕುರ್ಚಿಯ ತುದಿಗೆ ಬಂದು ಕೂತ. ಡೀಲರ್ ಬೆಳಕಿಗೆ ಹಿಡಿದು ನಳಿಗೆ ನೋಡಿದರು, ಕನ್ನಡಕ ಮೇಲೇರಿಸಿ ಬೋಲ್ಟ್ ನೋಡಿದರು, ಮುದ್ರೆ ಓದಿದರು.

"ಇದು ರಿಗ್ಬಿ ಅಲ್ಲ ಸಾಹೇಬ. ಮೌಸರ್. ಜರ್ಮನಿಯದು."

ತೋಟಾ ಮಾತ್ರ ಅದೇ. ಮೌಸರ್ ಕಂಪನಿ 1890ರ ದಶಕದ ಶುರುವಿನಲ್ಲಿ ಮಾಡಿದ್ದು 7x57 ಅನ್ನೋ ತೋಟಾ. ಅದೇ ತೋಟಾಕ್ಕೆ ಲಂಡನ್ನಿನ ರಿಗ್ಬಿ ಕಂಪನಿ .275 ಅಂತ ತನ್ನ ಹೆಸರು ಅಂಟಿಸಿ ಮಾರಿತು. ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ರೈತರು ಇಂಗ್ಲಿಷ್ ಸೈನ್ಯಕ್ಕೆ ನೀರಿಳಿಸಿದ್ದು ಇದೇ ತೋಟಾದಿಂದ. ಬೆಲ್ ಅನ್ನೋ ಬೇಟೆಗಾರ ಆಫ್ರಿಕಾದಲ್ಲಿ ನೂರಾರು ಆನೆಗಳನ್ನು ಹೊಡೆದದ್ದೂ ಇದರಿಂದಲೇ. ದೊಡ್ಡ ಬೋರು ಇಲ್ಲದೆ ಆನೆ ಬೀಳಲ್ಲ ಅನ್ನುತ್ತಿದ್ದವರ ಬಾಯಿ ಮುಚ್ಚಿಸಿದ ತೋಟಾ. ಗುಂಡು .315ರದಕ್ಕಿಂತ ಹಗುರ, ವೇಗ ಜಾಸ್ತಿ, ಭುಜಕ್ಕೆ ಗುದ್ದು ಕಡಿಮೆ. ರೈಫಲ್ ಅಂತ ನೋಡಿದರೆ ನಮ್ಮದು ಒಂದು ತೂಕ ಮೇಲೇ. ಆದರೆ ಅಪ್ಪನಿಗೆ ಅದೆಲ್ಲ ಕೇಳಿಸಲಿಲ್ಲ. ಇಡೀ ಆಯುಷ್ಯ ರಿಗ್ಬಿ ಅಂದಿದ್ದಾನೆ. ವಾಪಸ್ ಬರುವಾಗ ಯೂನಿವರ್ಸಿಟಿ ವೃತ್ತ ದಾಟೋವರೆಗೂ ಮಾತಾಡಲಿಲ್ಲ.

ಡೀಲರ್ ಇನ್ನೊಂದು ಮಾತು ಹೇಳಿದ್ದರು. ತೋಟಾ. ನಮ್ಮ ಹತ್ತಿರ ಕೈನೋಕ್ ಕಂಪನಿಯ ಒಂದು ಹಳೆಯ ಡಬ್ಬಿ ಉಳಿದಿತ್ತು, ಅದೂ ಅರ್ಧ. ಕೈನೋಕ್‌ನವರು ಶಿಕಾರಿ ರೈಫಲ್ ತೋಟಾ ಮಾಡೋದನ್ನು 1970ರ ಸುಮಾರಿಗೇ ನಿಲ್ಲಿಸಿದರು. ಈ ಡಬ್ಬಿಯನ್ನು ಪೂಜೆಗಿಡಿ, ಹೊಡೆಯೋದಕ್ಕಲ್ಲ ಅಂದರು. ಹೊರದೇಶದಲ್ಲಿ ಈ ತೋಟಾ ಇವತ್ತಿಗೂ ಮಾಡುತ್ತಾರೆ, ಇಲ್ಲಿ ಸಿಕ್ಕರೆ ಸಿಕ್ಕಿತು. ಬೆಲೆ ಕೇಳಿ ನಾನು ಇನ್ನೊಮ್ಮೆ ಕೇಳಿದೆ. ಅದೇ ಹೊತ್ತಿಗೆ ರೈಫಲ್ಲಿನ ಬೆಲೆಯೂ ಭಾರೀ ಇತ್ತು. ಎಂಬತ್ತರ ದಶಕದ ನಡುವಿನಿಂದ ಸಾಮಾನ್ಯ ಜನ ಹೊರಗಿಂದ ಬಂದೂಕು ತರಿಸುವ ಹಾಗಿಲ್ಲ. ದೇಶದೊಳಗೆ ಇದ್ದಷ್ಟೇ ವಿದೇಶಿ ಬಂದೂಕು, ಅವೇ ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಹೊಡೆಯೋಕೆ ತೋಟಾ ಇಲ್ಲದ ರೈಫಲ್ಲಿಗೆ ಹೊಡೆಯಬಲ್ಲ ರೈಫಲ್ಲಿಗಿಂತ ಎಷ್ಟೋ ಪಟ್ಟು ಬೆಲೆ. ನಮ್ಮ ದೇಶದ ಬಂದೂಕು ಬಜಾರು ಅರ್ಥವಾಗಬೇಕಾದರೆ ಇದೊಂದು ಸಾಕು.

ಮತ್ತೆ ಕಾಕಾನ ಬಾಗಿಲಿಗೆ ಹೋದೆ. ಈ ಸಲ ಅಪ್ಪನೂ ಬಂದ. ಬಂದವನೇ ಕೇಳಿದ್ದು ಒಂದೇ ಪ್ರಶ್ನೆ. "ಕಾಕಾ, ಅಪ್ಪ ಆ ಜರ್ಮನ್ ರೈಫಲ್ ಯಾಕ ತಗೊಂಡಾ?"

"ಜರ್ಮನ್ ಅಂತ ನಿನಗ ಈಗ ಗೊತ್ತಾತೇನು?" ಕಾಕಾ ಹುಬ್ಬೇರಿಸಿದರು. "ನಾವೆಲ್ಲ ಮೌಸರ್ ಅಂತನ ಅಂತಿದ್ವಿ."

ಕತೆ ಹೀಗಿತ್ತು. ಅರವತ್ತರ ದಶಕದ ಶುರುವಿನಲ್ಲಿ ಕಾರ್ಖಾನೆಯ ಒಬ್ಬ ಆಂಗ್ಲೋ-ಇಂಡಿಯನ್ ಫೋರ್‌ಮನ್ ಸಂಸಾರ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟ. ಆಗ ಖಡಕಿ, ಕ್ಯಾಂಪ್ ಕಡೆಯಿಂದ ಅವರ ಜನ ಸಾಲಾಗಿ ಹೊರಡುತ್ತಿದ್ದರು. ಪಿಯಾನೋ, ಸೋಫಾ, ನಾಯಿ, ಬಂದೂಕು ಎಲ್ಲ ಮಾರಾಟಕ್ಕೆ. ರೈಫಲ್ಲಿಗೆ ಬೇರೆ ಗಿರಾಕಿಗಳೂ ಇದ್ದರು. ಫೋರ್‌ಮನ್ ಅಜ್ಜನಿಗೆ ಕಂತಿನಲ್ಲಿ ಕೊಟ್ಟ. ಜೊತೆಗೆ ತನ್ನಲ್ಲಿದ್ದ ತೋಟಾದ ಡಬ್ಬಿಗಳನ್ನೆಲ್ಲ ಲೈಸೆನ್ಸಿನಲ್ಲಿ ಬರೆಸಿ ಕೊಟ್ಟ. ಅದು ಮೊದಲ ಕಾರಣ. ಎರಡನೆಯದು ಅಜ್ಜನ ಬಲಭುಜ. ಕಾರ್ಖಾನೆಯಲ್ಲಿ ಪೆಟ್ಟಿಗೆ ಬಿದ್ದು ಪೆಟ್ಟಾಗಿತ್ತು. ಹನ್ನೆರಡು ಬೋರಿನ ಗುದ್ದು ತಡೆದುಕೊಳ್ಳೋದು ಕಷ್ಟ ಆಗಿತ್ತು. ಮೌಸರ್ ಮೆತ್ತಗೆ. ಇದನ್ನು ಅಜ್ಜ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಭುಜ ನೋಯುತ್ತೆ ಅಂದರೆ ಅಜ್ಜಿ ಶಿಕಾರಿಯನ್ನೇ ನಿಲ್ಲಿಸುತ್ತಿದ್ದಳು.

"ಮತ್ತ ಮೂರನೇ ಕಾರಣ?" ನಾನು ಕೇಳಿದೆ.

"ರೈಫಲ್ ಚಂದ ಇತ್ತಲ್ಲೋ! ಅದಕ್ಕೇನು ಕಾರಣ ಬೇಕು?"

.315 ಬಂದಿದ್ದು ಅದಾದ ಮೇಲೆ, ಅರವತ್ತರ ದಶಕದ ಕೊನೆಗೆ. ಫೋರ್‌ಮನ್ ಕೊಟ್ಟ ತೋಟಾ ಮುಗಿಯುತ್ತ ಬಂತು. ಹೊಸದು ಸಿಗೋದು ಕಷ್ಟ, ಸಿಕ್ಕರೂ ಪಗಾರಕ್ಕೆ ನಿಲುಕಲ್ಲ. ಉಳಿದ ಡಬ್ಬಿಯನ್ನು ಕಡವೆಗೆ ಅಂತ ಎತ್ತಿಟ್ಟು, ದಿನನಿತ್ಯದ ಹಂದಿ ಶಿಕಾರಿಗೆ .315 ತಗೊಂಡ. ಭುಜ ನೋಯಿಸಿಕೊಂಡೇ ಹೊಡೆಯುತ್ತಿದ್ದ. ಒಳಗೆ ಟವೆಲ್ ಮಡಚಿ ಇಟ್ಟುಕೊಳ್ಳುತ್ತಿದ್ದನಂತೆ.

ಅಪ್ಪ ಕೇಳಿಸಿಕೊಂಡ. "ಹುಲಿ?" ಅಂದ.

"ನಿಮ್ಮಪ್ಪ ಹುಲಿ ಹೊಡೀಲಿಲ್ಲಪಾ. ಹುಲಿ ಸುದ್ದಿ ಹೊಡೀತಿದ್ದ."

ಮನೆಗೆ ಬಂದ ಮೇಲೆ ಯಾವುದನ್ನು ಬಿಡೋದು ಅಂತ ಚರ್ಚೆ ಆಗಲೇ ಇಲ್ಲ. ಅಪ್ಪ ಫ್ರಿಜ್ಜಿನ ಮೇಲಿನ ಹಾಳೆ ತೆಗೆದು ಮೌಸರ್‌ ಎದುರಿಗೆ ಗೆರೆ ಎಳೆದ. ನನಗೆ ಆಶ್ಚರ್ಯ ಆಯಿತು. ರಿಗ್ಬಿ ಅಲ್ಲ ಅಂತ ಗೊತ್ತಾಗಿದ್ದಕ್ಕೆ ಸಿಟ್ಟೋ, ಅಥವಾ ಖಡಕಿಯ ತೋಟಾದ ಮೇಲೆ ಹೊಸದಾಗಿ ಹುಟ್ಟಿದ ಪ್ರೀತಿಯೋ? ಕೇಳಿದ್ದಕ್ಕೆ, "ತೋಟಾ ಸಿಗಂಗಿಲ್ಲ, ಇಟ್ಕೊಂಡು ಏನ್ ಮಾಡೂದು?" ಅಂದ. ತೋಟಾ ಸಿಕ್ಕಿದ್ದರೆ ಇವನೇನು ಹೊಡೆಯುವವನಾಗಿದ್ದನೇ? ಹೇಳೋ ಕಾರಣ ಬೇರೆ, ಇರೋ ಕಾರಣ ಬೇರೆ ಅಂತ ಕಾಕಾ ಹೇಳಿದ್ದು ಬಂದೂಕು ಕೊಳ್ಳೋದಕ್ಕೆ ಮಾತ್ರ ಅಲ್ಲ ಅಂತ ಕಾಣುತ್ತೆ.

ಮಾರೋ ಕೆಲಸದಲ್ಲಿ ಕಾಗದಪತ್ರ ಜಾಸ್ತಿ, ಕತೆ ಕಡಿಮೆ. ಗಡುವು 2020ರ ಡಿಸೆಂಬರ್. ಅದಕ್ಕೆ ಮೊದಲೇ ಮೌಸರ್ ಅನ್ನು ಡೀಲರ್ ಹತ್ತಿರ ಇಟ್ಟು, ರಸೀದಿ ತಗೊಂಡು, ಲೈಸೆನ್ಸಿನಲ್ಲಿ ನಮೂದು ಮಾಡಿಸಿದೆವು. ಇಟ್ಟುಕೊಂಡಿದ್ದಕ್ಕೆ ತಿಂಗಳ ಬಾಡಿಗೆ. ಲೈಸೆನ್ಸ್ ಇದ್ದವರು ಲೈಸೆನ್ಸ್ ಇದ್ದವರಿಗೆ ನೇರವಾಗಿ ಮಾರಬಹುದು, ಆದರೆ ಕೊಳ್ಳುವವರ ವಿವರ ಬರೆದು ಅಧಿಕಾರಿಗಳಿಗೆ ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವರ ಲೈಸೆನ್ಸಿನಲ್ಲಿ ರೈಫಲ್ಲಿಗೆ ಜಾಗ ಖಾಲಿ ಇರಬೇಕು. ಆ ವರ್ಷ ಎಲ್ಲರೂ ಮೂರನೆಯದನ್ನು ಮಾರುವವರೇ ಆಗಿದ್ದರಿಂದ ಜಾಗ ಖಾಲಿ ಇರುವವರು ಸಿಗೋದೇ ಕಷ್ಟವಾಗಿತ್ತು.

ಕೊನೆಗೆ ಒಬ್ಬರು ಸಿಕ್ಕರು. ಜತ್ತ ತಾಲೂಕಿನವರು, ದಾಳಿಂಬೆ ತೋಟ ಇದೆ. ಸಾಂಗಲಿ ಜಿಲ್ಲೆ ಅಂದರೂ ಮನೆಮಾತು ಕನ್ನಡ. ಬೊಲೆರೋದಲ್ಲಿ ಬಂದರು, ಒಂದು ಬುಟ್ಟಿ ದಾಳಿಂಬೆ ತಂದರು. ಡೀಲರ್ ಅಂಗಡಿಯಲ್ಲಿ ರೈಫಲ್ ಹೆಗಲಿಗೇರಿಸಿ ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದು ನೋಡಿದರು. ಮುಖ ಅರಳಿತು.

ಅಪ್ಪ ಮೊದಲೇ ಹೇಳಿಬಿಟ್ಟ: "ಇದು ರಿಗ್ಬಿ ಅಲ್ರಿ. ಮೌಸರ್."

"ಗೊತ್ತೈತ್ರಿ. ಕಾರ್ಬೆಟ್ ಸಾಹೇಬರ ತೋಟಾ ಇದಕ ಬರತೈತಲ್ಲ?"

"ಬರತೈತಿ."

"ಅಷ್ಟ ಸಾಕ್ರಿ."

ಶಿಕಾರಿ ಇವರೂ ಮಾಡುವ ಹಾಗಿಲ್ಲ. ತೋಟಕ್ಕೆ ಹಂದಿ ಬಂದರೂ ಅರಣ್ಯ ಇಲಾಖೆಯ ಅಪ್ಪಣೆ ಇಲ್ಲದೆ ಈಡು ಹಾರಿಸುವಂತಿಲ್ಲ. ಮನೆಯಲ್ಲಿ ಒಂದು ಹನ್ನೆರಡು ಬೋರು ಇದೆ ಅಂತ ಅವರೇ ಹೇಳಿದರು. ಹಂದಿ ಓಡಿಸೋಕೆ ಪಟಾಕಿ ಸಾಕು ಅಂತಲೂ ಅವರೇ ಹೇಳಿದರು. ಆದರೂ ಬೇಕು. ಹುಡುಗನಾಗಿದ್ದಾಗ ಓದಿದ್ದರಂತೆ, ಅಪ್ಪನ ಹಾಗೆಯೇ. ಇಬ್ಬರೂ ಒಂದೇ ವಯಸ್ಸಿನವರು. ಚಂಪಾವತ, ರುದ್ರಪ್ರಯಾಗ ಅಂತ ಮಾತಿಗೆ ಕೂತರು. ಡೀಲರ್ ಎರಡು ಸಲ ಚಹಾ ತರಿಸಿದರು.

ಹೊರಡುವ ಮೊದಲು ಅವರದೊಂದು ಕೋರಿಕೆ ಬಂತು. ಈ ರೈಫಲ್ ಯಾರದು, ಎಲ್ಲೆಲ್ಲಿ ಶಿಕಾರಿ ಮಾಡಿದೆ, ಏನೇನು ಹೊಡೆದಿದೆ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಬೇಕು. ಚೌಕಟ್ಟು ಹಾಕಿಸಿ ರೈಫಲ್ಲಿನ ಪಕ್ಕದಲ್ಲಿ ತೂಗುಹಾಕುತ್ತಾರಂತೆ. ಅಪ್ಪ ಪೆನ್ನು ತಗೊಂಡ. ಶಕ್ತಿಮಾನ್ ಡಬ್ಬಿಯಿಂದಲೇ. ಫೋರ್‌ಮನ್, ಆಸ್ಟ್ರೇಲಿಯಾ, ಖಡಕಿ, ಮುಳಶಿ, ಹಳಿಯಾಳ ಎಲ್ಲ ಬರೆದ. ಹೊಡೆದದ್ದು ಅನ್ನೋ ಕಡೆ ಸ್ವಲ್ಪ ತಡೆದ. ಆ ಮನುಷ್ಯ ಆಸೆಯಿಂದ ನೋಡುತ್ತಿದ್ದರು. ಹುಲಿ ಅಂತ ಬರೆದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅಪ್ಪ 'ಕಡವೆ, ಹಂದಿ' ಅಂತ ಬರೆದು ಸಹಿ ಹಾಕಿದ.

ಮೂರ್ನಾಲ್ಕು ತಿಂಗಳಾದ ಮೇಲೆ ಅವರ ಫೋನು ಬಂತು. ಜತ್ತದಿಂದ ಸಾಂಗಲಿ, ಕೊಲ್ಹಾಪುರ, ಮುಂಬಯಿವರೆಗೆ ವಿಚಾರಿಸಿದರೂ .275 ತೋಟಾ ಸಿಕ್ಕಿಲ್ಲ, ಪುಣೆಯಲ್ಲಿ ಯಾರಾದರೂ ಇದ್ದಾರಾ ಅಂತ. ನನಗೆ ಗೊತ್ತಿರೋ ಡೀಲರ್ ಅವರಿಗೂ ಗೊತ್ತಿದ್ದರು. ಇಡುವ ಮೊದಲು ಒಂದು ಕ್ಷಣ ತಡೆದು ಕೇಳಿದರು.

"ನಿಮ್ಮ ಕಡೆ ಒಂದು .315 ಐತೆಲ್ಲ, ಅದನ್ನ ಎಂದರೆ ಕೊಡೂ ವಿಚಾರ ಇದ್ರ ಮೊದಲ ನನಗ ಹೇಳ್ರಿ."